ಇಪ್ಪತ್ನಾಲ್ಕು ವರ್ಷದ ದಾಂಪತ್ಯದಲ್ಲಿ ಹರ್ಪಿಸ್: ರಕ್ತದ ವರದಿ ಹೇಳುವುದೆಷ್ಟು?

ಪ್ರಶ್ನೆ: ನನಗೆ 47 ವರ್ಷ, ಮದುವೆಯಾಗಿ 24 ವರ್ಷ. ಕಳೆದ ತಿಂಗಳು ಉರಿಮೂತ್ರ ಶುರುವಾಗಿ, ಎರಡು ದಿನಗಳಲ್ಲಿ ಗುಪ್ತಾಂಗದ ಎಡಬದಿಯಲ್ಲಿ ನಾಲ್ಕೈದು ಸಣ್ಣ ನೀರ್ಗುಳ್ಳೆಗಳು ಎದ್ದವು. ಜ್ವರ ಇರಲಿಲ್ಲ. ಸ್ತ್ರೀರೋಗ ತಜ್ಞರು ನೋಡಿದ ಕೂಡಲೇ ಹರ್ಪಿಸ್ ಎಂದು ಹೇಳಿ ಮಾತ್ರೆ ಕೊಟ್ಟರು, ವಾರದೊಳಗೆ ಒಣಗಿತು. ಗುಳ್ಳೆ ಕಂಡ ಮೂರನೇ ದಿನ ಕೊಟ್ಟ ರಕ್ತದ ವರದಿಯಲ್ಲಿ ಒಂದನೇ ವಿಧದ ಐಜಿಜಿ ಪಾಸಿಟಿವ್, ಎರಡನೇ ವಿಧದ ಐಜಿಜಿ 1.9, ಪಾಸಿಟಿವ್, ಐಜಿಎಂ ಕೂಡ ಪಾಸಿಟಿವ್ ಎಂದಿದೆ. ‘ಐಜಿಎಂ ಬಂದಿದ್ದರೆ ಸೋಂಕು ಹೊಸದು’ ಎಂದು ಲ್ಯಾಬಿನವರು ಹೇಳಿದರು. ಅಂದಿನಿಂದ ಮನೆಯಲ್ಲಿ ಮಾತಿಲ್ಲ. ನಾನು ಬೇರೆ ಯಾರ ಜೊತೆಗೂ ಸಂಬಂಧ ಇಟ್ಟುಕೊಂಡವಳಲ್ಲ. ಪತಿಯೂ ಆಣೆ ಮಾಡುತ್ತಾರೆ, ಅಷ್ಟೇ ಅಲ್ಲದೆ ನನ್ನನ್ನೇ ಅನುಮಾನಿಸುತ್ತಾರೆ. ಅವರಿಗೆ ಇಂಥದ್ದೇನೂ ಎಂದೂ ಆಗಿಲ್ಲ. ನನಗೆ ಕೆಲವು ವರ್ಷಗಳ ಹಿಂದೆ ಪೃಷ್ಠದ ಮೇಲೆ ಒಂದೆರಡು ಸಲ ಗುಳ್ಳೆ ಎದ್ದಿದ್ದವು. ಉಷ್ಣಕ್ಕೆ ಆಗಿರಬೇಕೆಂದು ಸುಮ್ಮನಿದ್ದೆ. ವಿಷಯ ಅಣ್ಣನಿಗೆ ಗೊತ್ತಾಗಿ ವಕೀಲರನ್ನು ನೋಡೋಣ ಎನ್ನುತ್ತಿದ್ದಾರೆ. ಮಗಳು ಏಳು ತಿಂಗಳ ಗರ್ಭಿಣಿ, ಬಾಣಂತನಕ್ಕೆ ಇಲ್ಲಿಗೇ ಬರುವವಳು. ನನಗೆ ಇದು ಎಲ್ಲಿಂದ ಬಂತು? ಮಗುವನ್ನು ನಾನು ಎತ್ತಿಕೊಳ್ಳಬಹುದೇ?

ಉತ್ತರ: ನಿಮ್ಮ ಮನೆಯಲ್ಲಿ ಮಾತು ನಿಲ್ಲಿಸಿರುವುದು ವರದಿಯ ಐಜಿಎಂ ಸಾಲು, ಹಾಗಾಗಿ ಅಲ್ಲಿಂದಲೇ ಆರಂಭಿಸುತ್ತೇನೆ. ಸೋಂಕು ತಗುಲಿದಾಗ ದೇಹ ಮೊದಲು ಐಜಿಎಂ ಎಂಬ ಪ್ರತಿಕಾಯವನ್ನು, ಆಮೇಲೆ ದೀರ್ಘಕಾಲ ಉಳಿಯುವ ಐಜಿಜಿಯನ್ನು ತಯಾರಿಸುತ್ತದೆ ಎಂಬ ಪಾಠವನ್ನು ನಂಬಿ ಲ್ಯಾಬಿನವರು ಹಾಗೆ ಹೇಳಿದ್ದಾರೆ. ಹಲವು ಸೋಂಕುಗಳ ಮಟ್ಟಿಗೆ ಆ ಪಾಠ ಸರಿಯಾದರೂ ಹರ್ಪಿಸ್‌ಗೆ ಅದು ಸಲ್ಲುವುದಿಲ್ಲ. ಎಷ್ಟೋ ವರ್ಷಗಳ ಹಳೆಯ ಹರ್ಪಿಸ್ ಮರುಕಳಿಸಿದಾಗಲೂ ಐಜಿಎಂ ಕಾಣಿಸಿಕೊಳ್ಳುತ್ತದೆ. ಅದು ಹರ್ಪಿಸ್ ವೈರಸ್‌ನ ಎರಡು ವಿಧಗಳಲ್ಲಿ ಒಂದನೆಯದನ್ನು ಎರಡನೆಯದರಿಂದ ಬೇರ್ಪಡಿಸಿ ತೋರಿಸುವುದೂ ಇಲ್ಲ. ಅಮೆರಿಕದ ರೋಗ ನಿಯಂತ್ರಣ ಕೇಂದ್ರವು ಲೈಂಗಿಕ ಸೋಂಕುಗಳ ಬಗ್ಗೆ 2021ರಲ್ಲಿ ಹೊರಡಿಸಿದ ಮಾರ್ಗಸೂಚಿಯಲ್ಲಿ, ಹರ್ಪಿಸ್ ಪತ್ತೆಗೆ ಐಜಿಎಂ ಪರೀಕ್ಷೆಯಿಂದ ಪ್ರಯೋಜನವಿಲ್ಲ, ಅದನ್ನು ಮಾಡಿಸಬೇಡಿ ಎಂದೇ ಇದೆ. ಹೊಟ್ಟೆಯ ಮಗುವಿಗೆ ಹಾನಿ ಮಾಡಬಲ್ಲ ಕೆಲವು ಸೋಂಕುಗಳನ್ನು ಹುಡುಕಲು ನಮ್ಮಲ್ಲಿ ಗರ್ಭಿಣಿಯರಿಗೆ ಬರೆದುಕೊಡುವ ‘ಟಾರ್ಚ್’ ರಕ್ತಪರೀಕ್ಷೆಯ ಬೆನ್ನಿಗೆ ಬಿದ್ದು ಈ ಐಜಿಎಂ ಇನ್ನೂ ಚಲಾವಣೆಯಲ್ಲಿದೆ. ನಿಮ್ಮ ವರದಿಯ ಆ ಸಾಲನ್ನು ಇಲ್ಲವೆಂದೇ ಭಾವಿಸಿ. ಹೊಸ ಸೋಂಕು ಎಂಬ ಮಾತಿಗೆ ನಿಮ್ಮಲ್ಲಿದ್ದ ಆಧಾರ ಅಷ್ಟೇ ಆಗಿತ್ತು.

ಇನ್ನುಳಿದದ್ದು ಎರಡನೇ ವಿಧದ ಐಜಿಜಿ 1.9. ಈ ಪರೀಕ್ಷೆಯಲ್ಲಿ ಸಾಮಾನ್ಯವಾಗಿ 1.1ಕ್ಕಿಂತ ಮೇಲಿದ್ದರೆ ಪಾಸಿಟಿವ್ ಎಂದು ಯಂತ್ರ ಅಚ್ಚು ಹಾಕುತ್ತದೆ. ಆದರೆ 3ಕ್ಕಿಂತ ಕಡಿಮೆಯ ಅಂಕಿಗಳಲ್ಲಿ ಸುಳ್ಳು ಪಾಸಿಟಿವ್‌ಗಳು ಸಾಕಷ್ಟಿರುತ್ತವೆ, ಅದರಲ್ಲೂ ನಿಮ್ಮಂತೆ ಒಂದನೇ ವಿಧದ ಪ್ರತಿಕಾಯ ಇರುವವರಲ್ಲಿ. ಅದಕ್ಕೇ ಅದೇ ಮಾರ್ಗಸೂಚಿ ಇಂಥ ಅಂಕಿ ಬಂದಾಗ ಬೇರೊಂದು ವಿಧಾನದ ಪರೀಕ್ಷೆಯಿಂದ ಖಚಿತಪಡಿಸಿಕೊಳ್ಳಬೇಕು ಎನ್ನುತ್ತದೆ. ನಿಮ್ಮ ವೈದ್ಯರು ಕಣ್ಣಾರೆ ಗುಳ್ಳೆಗಳನ್ನು ಕಂಡು ಹರ್ಪಿಸ್ ಎಂದಿರುವುದರಿಂದ ರೋಗದ ಹೆಸರನ್ನು ನಾನು ಅಲ್ಲಗಳೆಯುತ್ತಿಲ್ಲ. ಅದು ಯಾವ ವಿಧ ಎಂಬುದು ಮಾತ್ರ ಇನ್ನೂ ತೀರ್ಮಾನವಾಗಿಲ್ಲ, ಮತ್ತು ಗುಳ್ಳೆ ಇದ್ದಾಗ ಅದರ ಬುಡದಿಂದ ಸ್ವಾಬ್ ತೆಗೆದು ಪಿಸಿಆರ್ ಮಾಡಿಸಿದ್ದರೆ ಅಂದೇ ತೀರ್ಮಾನವಾಗುತ್ತಿತ್ತು.

ಹರ್ಪಿಸ್ ಸಿಂಪ್ಲೆಕ್ಸ್ ವೈರಸ್‌ನಲ್ಲಿ ಎರಡು ವಿಧಗಳಿವೆ. ಒಂದನೆಯದು ಬಹುತೇಕರಿಗೆ ಬಾಲ್ಯದಲ್ಲಿಯೇ, ಮನೆಯ ಹಿರಿಯರ ಮುತ್ತಿನಿಂದಲೋ ಎಂಜಲಿನಿಂದಲೋ ಬಂದು ಸೇರುತ್ತದೆ. ಜ್ವರ ಬಂದಾಗ ತುಟಿಯ ಅಂಚಿನಲ್ಲಿ ಏಳುವ, ರಾತ್ರಿ ಏನೋ ಹುಳ ಹರಿದಿರಬೇಕು ಎಂದು ನಾವು ಕೈಬಿಡುವ ಗುಳ್ಳೆ ಬಹಳ ಸಲ ಇದೇ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ ಜಗತ್ತಿನಲ್ಲಿ 50 ವರ್ಷದೊಳಗಿನ ಸುಮಾರು 380 ಕೋಟಿ ಜನರಲ್ಲಿ, ಅಂದರೆ ಶೇ 64ರಷ್ಟು ಮಂದಿಯಲ್ಲಿ, ಒಂದನೇ ವಿಧದ ವೈರಸ್ ಇದೆ. ಎರಡನೇ ವಿಧ ಹರಡುವುದು ಮುಖ್ಯವಾಗಿ ಲೈಂಗಿಕ ಸಂಪರ್ಕದಿಂದ. 15ರಿಂದ 49 ವರ್ಷದವರಲ್ಲಿ ಸುಮಾರು 52 ಕೋಟಿ ಜನರಿಗೆ ಅದು ಇದೆ ಎಂದು ಅದೇ ಸಂಸ್ಥೆ ಹೇಳುತ್ತದೆ. ಒಂದನೇ ವಿಧವೂ ಮುಖಮೈಥುನದ ಮೂಲಕ ಜನನಾಂಗಕ್ಕೆ ದಾಟಬಲ್ಲದು, ಮತ್ತು ನೋಟಕ್ಕೆ ಎರಡರ ಗುಳ್ಳೆಗಳೂ ಒಂದೇ. ಬಂಧುಗಳ ಬಾಯಲ್ಲಿ ಹರ್ಪಿಸ್ ಎಂದಾಕ್ಷಣ ಬರುವ ಸರ್ಪಸುತ್ತು ಬೇರೆಯೇ ವೈರಸ್‌ನದು, ಸೀತಾಳೆ ಸಿಡುಬಿನ ಕುಲದ್ದು. ಅದಕ್ಕೂ ಲೈಂಗಿಕತೆಗೂ ಸಂಬಂಧವಿಲ್ಲ.

ಒಮ್ಮೆ ಒಳಹೊಕ್ಕ ವೈರಸ್ ಚರ್ಮದಿಂದ ನರದ ಎಳೆ ಹಿಡಿದು ಸಾಗಿ, ಬೆನ್ನುಹುರಿಯ ಕೆಳತುದಿಯ ಬಳಿ ನರಕೋಶಗಳು ಗುಂಪುಗೂಡಿರುವ ಜಾಗದಲ್ಲಿ ಸುಪ್ತವಾಗಿ ಉಳಿದುಬಿಡುತ್ತದೆ. ಯಾವ ಔಷಧಿಯೂ ಅದನ್ನು ಅಲ್ಲಿಂದ ಹೊರಹಾಕಲಾರದು. ಆಗಾಗ ಅದು ಅದೇ ನರದ ಗುಂಟ ಕೆಳಗಿಳಿದು ಚರ್ಮಕ್ಕೆ ಬರುತ್ತದೆ, ಮತ್ತು ಬಂದಾಗಲೆಲ್ಲ ಗುಳ್ಳೆ ಏಳಬೇಕೆಂದೇನಿಲ್ಲ. ಎಷ್ಟೋ ಸಲ ಒಂದು ಸಣ್ಣ ಗೀರು, ಒಂದಿಷ್ಟು ತುರಿಕೆ, ಮುಟ್ಟಿನ ಸುತ್ತಮುತ್ತ ಎರಡು ದಿನದ ಉರಿ, ಅಷ್ಟರಲ್ಲೇ ಮುಗಿದುಹೋಗುತ್ತದೆ; ಹೆಂಗಸರು ಬಿಳುಪು ಹೋಗುವುದೆಂದೋ, ಗಂಡಸರು ಬೆವರಿಗೆ ಚರ್ಮ ಉಜ್ಜಿ ಕೆಂಪಾಗಿದೆಯೆಂದೋ ಅದನ್ನು ಮರೆಯುತ್ತಾರೆ. ಅಮೆರಿಕದ ರಾಷ್ಟ್ರೀಯ ಸಮೀಕ್ಷೆಯಲ್ಲಿ ಎರಡನೇ ವಿಧದ ಪ್ರತಿಕಾಯ ಕಂಡುಬಂದವರ ಪೈಕಿ ಸುಮಾರು ಶೇ 87ರಷ್ಟು ಮಂದಿಗೆ, ನಿಮಗೆ ಈ ರೋಗವಿದೆ ಎಂದು ಯಾವ ವೈದ್ಯರೂ ಎಂದೂ ಹೇಳಿರಲಿಲ್ಲ. ನಿಮ್ಮ ಪತಿ ‘ನನಗೆ ಎಂದೂ ಏನೂ ಆಗಿಲ್ಲ’ ಎನ್ನುವಾಗ ಸುಳ್ಳು ಹೇಳುತ್ತಿರಲೇಬೇಕು ಎಂದು ನೀವು ತಿಳಿಯಬೇಕಾಗಿಲ್ಲ. ನಿಮ್ಮ ವಿಷಯದಲ್ಲಿ ಅವರೂ ಹಾಗೆ ತಿಳಿಯಬೇಕಾಗಿಲ್ಲ.

ನೀವು ಪತ್ರದ ನಡುವೆ ಹಗುರವಾಗಿ ಹೇಳಿಬಿಟ್ಟಿರುವ ಪೃಷ್ಠದ ಗುಳ್ಳೆಗಳೇ ನನಗೆ ಎಲ್ಲಕ್ಕಿಂತ ಮುಖ್ಯವಾಗಿ ಕಂಡ ವಿವರ. ಜನನಾಂಗಕ್ಕೆ ಹೋಗುವ ನರಗಳ ನೆರೆಯ ನರಗಳೇ ಪೃಷ್ಠಕ್ಕೂ ತೊಡೆಯ ಹಿಂಭಾಗಕ್ಕೂ ಹೋಗುವುದರಿಂದ ಮರುಕಳಿಸುವ ಹರ್ಪಿಸ್ ಅಲ್ಲಿಯೂ ಕಾಣಿಸಿಕೊಳ್ಳುತ್ತದೆ. ಒಂದೇ ಜಾಗದಲ್ಲಿ, ಗೊಂಚಲಾಗಿ, ಮೊದಲು ಚುಮುಗುಟ್ಟಿ ಆಮೇಲೆ ಎದ್ದು ವಾರದಲ್ಲಿ ಒಣಗಿದ್ದರೆ ಅದು ಉಷ್ಣದ ಗುಳ್ಳೆ ಆಗಿರುವ ಸಂಭವ ಕಡಿಮೆ. ನೆನಪು ಮಾಡಿಕೊಂಡು ನಿಮ್ಮ ವೈದ್ಯರಿಗೆ ತಿಳಿಸಿ.

ಈ ಸಲದ ಗುಳ್ಳೆಗಳ ರೀತಿಯೂ ಅದೇ ಕಡೆಗೆ ಬೆರಳು ತೋರಿಸುತ್ತದೆ. ನಿಜವಾದ ಮೊದಲ ಸೋಂಕು ಸಾಮಾನ್ಯವಾಗಿ ಸಂಪರ್ಕವಾದ 2ರಿಂದ 12 ದಿನಗಳೊಳಗೆ ಕಾಣಿಸಿಕೊಳ್ಳುತ್ತದೆ, ಮತ್ತು ಅದು ಜೋರಾಗಿರುತ್ತದೆ: ಜ್ವರ, ಮೈಕೈ ನೋವು, ತೊಡೆಸಂದಿಯಲ್ಲಿ ಗೆಡ್ಡೆ, ಎರಡೂ ಬದಿಗೆ ಹರಡುವ ಹುಣ್ಣುಗಳು, ವಾಸಿಯಾಗಲು ಎರಡು ಮೂರು ವಾರ. ನಿಮ್ಮದು ಒಂದೇ ಬದಿಗೆ, ನಾಲ್ಕೈದು ಗುಳ್ಳೆ, ಜ್ವರವಿಲ್ಲ, ವಾರದಲ್ಲಿ ಮಾಯ. ಇದು ಹಳೆಯ ಸೋಂಕು ಮೊದಲ ಬಾರಿಗೆ ಗಮನಕ್ಕೆ ಬಂದಂತೆ ಕಾಣುತ್ತದೆ. ಒಂದನೇ ವಿಧದ ಪ್ರತಿಕಾಯ ಮೊದಲೇ ಇದ್ದವರಲ್ಲಿ ಎರಡನೇ ವಿಧದ ಮೊದಲ ಸೋಂಕೂ ಸೌಮ್ಯವಾಗಿರಬಹುದಾದ್ದರಿಂದ ಲಕ್ಷಣಗಳನ್ನಷ್ಟೇ ನಂಬಿ ನಾನು ಖಚಿತವಾಗಿ ಹೇಳಲಾರೆ. ಆದರೆ ರಕ್ತ ಕೊಟ್ಟ ದಿನವನ್ನು ಗಮನಿಸಿ. ಐಜಿಜಿ ಪರೀಕ್ಷೆಗೆ ಸಿಗುವಷ್ಟು ಪ್ರಮಾಣದಲ್ಲಿ ತಯಾರಾಗಲು ಹೆಚ್ಚಿನವರಲ್ಲಿ ಹಲವು ವಾರಗಳು, ಕೆಲವರಲ್ಲಿ 12 ವಾರಗಳವರೆಗೂ ಬೇಕು. ಗುಳ್ಳೆ ಎದ್ದ ಮೂರನೇ ದಿನವೇ ನಿಮ್ಮಲ್ಲಿ ಎರಡನೇ ವಿಧದ ಐಜಿಜಿ ನಿಜವಾಗಿಯೂ ಇತ್ತೆಂದಾದರೆ, ಆ ಸೋಂಕು ಕಳೆದ ತಿಂಗಳದ್ದಾಗಿರುವ ಸಾಧ್ಯತೆ ತೀರಾ ಕಡಿಮೆ. ಲ್ಯಾಬಿನವರು ಹೇಳಿದ್ದಕ್ಕೆ ತೀರಾ ವಿರುದ್ಧವಾದ ಅರ್ಥವನ್ನು ಅದೇ ವರದಿ ಕೊಡುತ್ತಿದೆ.

ಹಳೆಯದೆಂದರೆ ಎಷ್ಟು ಹಳೆಯದು ಎಂದು ನೀವು ಕೇಳುತ್ತೀರಿ. ಮೂರು ತಿಂಗಳ ಹಿಂದಿನ ಸೋಂಕಿಗೂ ಮೂವತ್ತು ವರ್ಷದ ಹಿಂದಿನ ಸೋಂಕಿಗೂ ನಡುವಿನ ವ್ಯತ್ಯಾಸವನ್ನು ಐಜಿಜಿ ಹೇಳಲಾರದು. ಯಾರಿಂದ ಯಾರಿಗೆ ಬಂತೆಂಬುದನ್ನಂತೂ ಯಾವ ವರದಿಯೂ ಹೇಳಲಾರದು.

ಇಷ್ಟು ವರ್ಷ ಒಟ್ಟಿಗಿದ್ದೂ ಈಗೇಕೆ ಎಂಬ ಪ್ರಶ್ನೆ ನಿಮ್ಮಿಬ್ಬರಲ್ಲೂ ಇದೆ ಎಂದು ತೋರುತ್ತದೆ. ಒಬ್ಬರಲ್ಲಿ ವೈರಸ್ ಇದ್ದ ಮಾತ್ರಕ್ಕೆ ಸಂಗಾತಿಗೆ ಅದು ಕೂಡಲೇ ದಾಟುತ್ತದೆ ಎಂಬ ನಂಬಿಕೆ ಇದರ ಹಿಂದಿದೆ. 2004ರಲ್ಲಿ ಪ್ರಕಟವಾದ ಒಂದು ದೊಡ್ಡ ಅಧ್ಯಯನದಲ್ಲಿ, ಒಬ್ಬರಿಗೆ ಎರಡನೇ ವಿಧದ ಹರ್ಪಿಸ್ ಇದ್ದು ಇನ್ನೊಬ್ಬರಿಗೆ ಇಲ್ಲದ 1,484 ಜೋಡಿಗಳನ್ನು ಎಂಟು ತಿಂಗಳ ಕಾಲ ಗಮನಿಸಲಾಯಿತು. ಸೋಂಕಿದ್ದವರು ಔಷಧಿಯಿಲ್ಲದ ಹುಸಿಮಾತ್ರೆ ತೆಗೆದುಕೊಂಡ ಗುಂಪಿನಲ್ಲಿಯೂ ಆ ಅವಧಿಯಲ್ಲಿ ಸೋಂಕು ದಾಟಿದ್ದು ಶೇ 3.6ರಷ್ಟು ಸಂಗಾತಿಗಳಿಗೆ ಮಾತ್ರ. ಅವರಿಗೆ ಕಾಂಡೋಮ್ ಬಳಸುವ ಸಲಹೆಯನ್ನೂ ಕೊಡಲಾಗಿತ್ತು ಎಂಬುದು ನಿಜವಾದರೂ, ದಾಟುವಿಕೆ ಎಷ್ಟು ನಿಧಾನದ್ದು ಎಂಬುದು ಇದರಿಂದ ತಿಳಿಯುತ್ತದೆ. ಮದುವೆಗೆ ಮೊದಲೇ ಒಬ್ಬರಲ್ಲಿ ಇದ್ದ ವೈರಸ್ ಇನ್ನೊಬ್ಬರಿಗೆ ಹತ್ತು ಹದಿನೈದು ವರ್ಷಗಳ ನಂತರ ದಾಟಬಹುದು, ದಾಟದೆಯೇ ಉಳಿಯಬಹುದು, ಮೊದಲ ವರ್ಷವೇ ದಾಟಿ ಇಬ್ಬರಲ್ಲೂ ಸದ್ದಿಲ್ಲದೆ ಇದ್ದು, ನಲವತ್ತೇಳನೇ ವಯಸ್ಸಿನಲ್ಲಿ ಒಬ್ಬರಲ್ಲಿ ಮಾತ್ರ ಗುಳ್ಳೆಯಾಗಿ ಕಾಣಬಹುದು. ಜ್ವರ, ಮುಟ್ಟು, ಸ್ಟೀರಾಯ್ಡ್ ಮಾತ್ರೆ, ದೇಹದ ರೋಗನಿರೋಧಕ ಶಕ್ತಿಯನ್ನು ಕುಗ್ಗಿಸುವ ಇತರ ಕಾಯಿಲೆಗಳು ಮರುಕಳಿಕೆಗೆ ನೆಪವಾಗುತ್ತವೆ, ಅನೇಕ ಬಾರಿ ಯಾವ ನೆಪವೂ ಸಿಗುವುದಿಲ್ಲ.

ಇದೆಲ್ಲದರ ಅರ್ಥ ನಿಮ್ಮ ಪತಿ ನಿರಪರಾಧಿ ಎಂದು ನಾನು ಪ್ರಮಾಣಪತ್ರ ಕೊಡುತ್ತಿದ್ದೇನೆ ಎಂದಲ್ಲ. ವಿವಾಹದಾಚೆಯ ಸಂಬಂಧದಿಂದಲೂ ಹರ್ಪಿಸ್ ಮನೆಗೆ ಬರುತ್ತದೆ. ನನ್ನ ಬಳಿ ಬರುವವರಲ್ಲಿ ಅಂಥವರೂ ಇದ್ದಾರೆ. ಮದುವೆಗೆ ಮುನ್ನ ನಡೆದು ಯಾರಿಗೂ ಹೇಳದೇ ಉಳಿದ ಸಂಬಂಧದಿಂದ ಬಂದವರಿದ್ದಾರೆ, ಒಪ್ಪಿಗೆಯೇ ಇಲ್ಲದೆ ಚಿಕ್ಕ ವಯಸ್ಸಿನಲ್ಲಿ ನಡೆದ ದೌರ್ಜನ್ಯದಿಂದ ಬಂದವರೂ ಇದ್ದಾರೆ. ಬಾಲ್ಯದಿಂದ ತುಟಿಯಲ್ಲಿದ್ದ ಒಂದನೇ ವಿಧ ದಾಂಪತ್ಯದೊಳಗೇ ಜನನಾಂಗಕ್ಕೆ ದಾಟಿದವರದಂತೂ ಯಾರನ್ನೂ ದೂರಲಾಗದ ಕತೆ. ಈ ನಾಲ್ವರ ರಕ್ತವನ್ನು ನನ್ನ ಮುಂದಿಟ್ಟರೆ ಯಾರದು ಯಾವ ದಾರಿಯಿಂದ ಬಂದದ್ದೆಂದು ಗುರುತಿಸಲು ನನಗೆ ಸಾಧ್ಯವಿಲ್ಲ. ನಿಮ್ಮ ಪತಿಯ ನಡತೆಯ ಬಗ್ಗೆ ಅನುಮಾನಿಸಲು ಈ ರೋಗದ ಹೊರಗೆ ಬೇರೆ ಕಾರಣಗಳಿದ್ದರೆ ಅವನ್ನು ಅವುಗಳ ತೂಕದ ಮೇಲೆಯೇ ನೋಡಿ. ಬೇರೆ ಕಾರಣ ಇಲ್ಲವೆಂದಾದರೆ ಈ ವರದಿಯೊಂದನ್ನೇ ಕಾರಣ ಮಾಡಿಕೊಳ್ಳಬೇಡಿ. ಅವರು ನಿಮ್ಮ ಮೇಲೆ ಹೊರಿಸುತ್ತಿರುವ ಅನುಮಾನಕ್ಕೂ ಇದೇ ಮಾತು ಅನ್ವಯಿಸುತ್ತದೆ, ಮತ್ತು ನಮ್ಮ ಸಮಾಜದಲ್ಲಿ ಗುಳ್ಳೆ ಯಾರ ಮೈಮೇಲೆ ಮೊದಲು ಕಂಡಿತೋ ಅವರೇ ತಪ್ಪಿತಸ್ಥರು, ಅದರಲ್ಲೂ ಅವರು ಹೆಂಗಸಾದರೆ, ಎಂದು ತೀರ್ಮಾನಿಸಿಬಿಡುವುದನ್ನು ಕಂಡು ಇದನ್ನು ಒತ್ತಿ ಹೇಳುತ್ತಿದ್ದೇನೆ. ಸಾಧ್ಯವಾದರೆ ಈ ಉತ್ತರವನ್ನು ಅವರಿಗೂ ಓದಲು ಕೊಡಿ.

ಇನ್ನು ಮುಂದೆ ಮಾಡಿಸಬೇಕಾದದ್ದು. ಗುಳ್ಳೆ ಕಂಡ ದಿನದಿಂದ 12 ವಾರ ಕಳೆದ ಮೇಲೆ ಎರಡನೇ ವಿಧದ ಐಜಿಜಿಯನ್ನು ಅದೇ ಲ್ಯಾಬಿನಲ್ಲಿ ಮತ್ತೊಮ್ಮೆ ಮಾಡಿಸಿ. 1.9 ಇದ್ದದ್ದು ಬಹಳವಾಗಿ ಏರಿದ್ದರೆ ಸೋಂಕು ಈಚಿನದಿರಬಹುದು. ಇಳಿದು ನೆಗೆಟಿವ್ ಆದರೆ ಮೊದಲಿನದು ಸುಳ್ಳು ಪಾಸಿಟಿವ್ ಆಗಿದ್ದು, ನಿಮ್ಮ ಗುಳ್ಳೆ ಒಂದನೇ ವಿಧದ್ದಿರಬಹುದು. ಹೆಚ್ಚುಕಡಿಮೆ ಅಷ್ಟೇ ಇದ್ದರೆ ಬೇರೊಂದು ವಿಧಾನದ ಪರೀಕ್ಷೆ ಬೇಕಾಗುತ್ತದೆ. ಇದಕ್ಕಿಂತ ಒಳ್ಳೆಯ ಪುರಾವೆ ಸ್ವಾಬ್: ಮತ್ತೆ ಗುಳ್ಳೆ ಎದ್ದರೆ ಒಂದೆರಡು ದಿನದೊಳಗೆ, ಒಡೆದು ಒಣಗುವ ಮುನ್ನ, ಹೋಗಿ ಪಿಸಿಆರ್‌ಗೆ ಕೊಡಿಸಿ. ಯಾವ ವಿಧ ಎಂದು ತಿಳಿಯುವುದರಿಂದ ಮುಂದಿನ ದಾರಿಯೂ ತಿಳಿಯುತ್ತದೆ, ಏಕೆಂದರೆ ಜನನಾಂಗದಲ್ಲಿ ಒಂದನೇ ವಿಧ ಮರುಕಳಿಸುವುದು ಎರಡನೆಯದಕ್ಕಿಂತ ಬಹಳ ಕಡಿಮೆ. ಎಚ್‌ಐವಿ ಮತ್ತು ಸಿಫಿಲಿಸ್ ಪರೀಕ್ಷೆಗಳನ್ನು ಇಬ್ಬರೂ ಮಾಡಿಸಿಕೊಳ್ಳಿ. ಜನನಾಂಗದಲ್ಲಿ ಹುಣ್ಣಾದ ಯಾರಿಗಾದರೂ ನಾವು ಬರೆಯುವ ಪರೀಕ್ಷೆಗಳವು, ನಿಮ್ಮ ಬಗ್ಗೆ ತೀರ್ಪಲ್ಲ.

ನಿಮ್ಮ ಪತಿ ಐಜಿಜಿ ಮಾಡಿಸಬೇಕೇ ಎಂದರೆ, ಮುಂದೆ ಎಷ್ಟು ಎಚ್ಚರ ವಹಿಸಬೇಕು ಎಂದು ತಿಳಿಯಲು ಮಾಡಿಸಲಿ. ಅವರಲ್ಲೂ ಎರಡನೇ ವಿಧ ಖಚಿತವಾದರೆ ನಿಮ್ಮಿಬ್ಬರ ನಡುವೆ ಕಾಂಡೋಮ್, ದಿನನಿತ್ಯದ ಮಾತ್ರೆ ಯಾವುದರ ಅಗತ್ಯವೂ ಈ ರೋಗದ ಮಟ್ಟಿಗೆ ಇರುವುದಿಲ್ಲ. ಅವರದು ನೆಗೆಟಿವ್ ಬಂದರೆ ‘ಹಾಗಾದರೆ ನೀನೇ ತಂದದ್ದು’ ಎಂಬ ಮಾತು ಬರುತ್ತದೆಂಬ ಭಯ ನಿಮಗಿರಬಹುದು. ಆಗಲೂ ನಿಮ್ಮದೇ ಫಲಿತಾಂಶ ಇನ್ನೂ ಖಚಿತವಾಗಿಲ್ಲ ಎಂಬುದನ್ನು, ಐಜಿಜಿ ಪರೀಕ್ಷೆ ಸೋಂಕಿದ್ದ ಕೆಲವರನ್ನು ತಪ್ಪಿಸಿಬಿಡುತ್ತದೆ ಎಂಬುದನ್ನು ಅವರು ವೈದ್ಯರ ಬಾಯಿಂದಲೇ ಕೇಳುವಂತೆ ಇಬ್ಬರೂ ಜೊತೆಯಾಗಿ ಹೋಗಿ ವರದಿ ತೆಗೆದುಕೊಳ್ಳಿ. ಆಸ್ಪತ್ರೆಯಲ್ಲಿ ‘ಸ್ಕಿನ್ ಅಂಡ್ ವಿ.ಡಿ.’ (ಚರ್ಮ ಮತ್ತು ಲೈಂಗಿಕ ರೋಗ) ಎಂಬ ಫಲಕದ ಕೆಳಗೆ ಕೂರಲು ಸಂಕೋಚಪಟ್ಟು ಎಷ್ಟೋ ದಂಪತಿಗಳು ಔಷಧಿ ಅಂಗಡಿಯಲ್ಲೇ ಸಲಹೆ ಮುಗಿಸುತ್ತಾರೆ. ಲೈಂಗಿಕ ಸೋಂಕುಗಳಿಗೆಂದೇ ಜಿಲ್ಲಾ ಆಸ್ಪತ್ರೆಗಳಲ್ಲಿರುವ ಸುರಕ್ಷಾ ಕ್ಲಿನಿಕ್‌ಗಳಲ್ಲಿ ಗೋಪ್ಯತೆ ಕಾಪಾಡಿ, ಆಪ್ತಸಮಾಲೋಚಕರ ಜೊತೆ ಮಾತನಾಡಿಸಿ, ಉಚಿತವಾಗಿ ಚಿಕಿತ್ಸೆ ಕೊಡುತ್ತಾರೆ. ಅಲ್ಲಿ ಹರ್ಪಿಸ್ ಹುಣ್ಣಿಗೆ ಕೊಡುವ ಕೆಂಪು ಬಣ್ಣದ ಕಿಟ್‌ನಲ್ಲಿರುವುದೂ ನಿಮಗೆ ಈ ರೋಗಕ್ಕೆ ಸಾಮಾನ್ಯವಾಗಿ ಬರೆದುಕೊಡುವ ಅಸೈಕ್ಲೋವಿರ್ ಮಾತ್ರೆಯೇ. ರಾಷ್ಟ್ರೀಯ ಏಡ್ಸ್ ಸಹಾಯವಾಣಿ 1097ಕ್ಕೆ ಕರೆ ಮಾಡಿ ಹತ್ತಿರದ ಕೇಂದ್ರವನ್ನು ಕೇಳಬಹುದು.

ಚಿಕಿತ್ಸೆಯ ವಿಷಯದಲ್ಲಿ ಹೆಚ್ಚು ಹೇಳಬೇಕಾದದ್ದಿಲ್ಲ. ವರ್ಷಕ್ಕೆ ಒಂದೆರಡು ಸಲ ಬರುವುದಾದರೆ ಚುಮುಗುಟ್ಟುವಿಕೆ ಆರಂಭವಾದ ದಿನವೇ ಮಾತ್ರೆ ಶುರುಮಾಡಿದರೆ ಸಾಕು. ಅದಕ್ಕಾಗಿ ಒಂದು ಚೀಟಿಯನ್ನು ಮೊದಲೇ ಬರೆಸಿಟ್ಟುಕೊಳ್ಳಿ. ಪದೇಪದೇ ಬಂದರೆ, ಅಥವಾ ಪತಿಗೆ ಸೋಂಕಿಲ್ಲವೆಂದು ಖಚಿತವಾಗಿ ನಿಮ್ಮದು ಎರಡನೇ ವಿಧವಾದರೆ, ದಿನವೂ ಮಾತ್ರೆ ತೆಗೆದುಕೊಳ್ಳುವ ವಿಧಾನವಿದೆ. ಮೇಲೆ ಹೇಳಿದ ಅಧ್ಯಯನದಲ್ಲಿ ದಿನಕ್ಕೆ 500 ಮಿಲಿಗ್ರಾಂ ವಲಸೈಕ್ಲೋವಿರ್ ತೆಗೆದುಕೊಂಡ ಗುಂಪಿನಲ್ಲಿ ಸಂಗಾತಿಗೆ ಸೋಂಕು ದಾಟಿದ ಪ್ರಮಾಣ ಶೇ 3.6ರಿಂದ ಶೇ 1.9ಕ್ಕೆ ಇಳಿದಿತ್ತು. ಮೂತ್ರಪಿಂಡದ ತೊಂದರೆ ಇದ್ದರೆ ಪ್ರಮಾಣ ಬದಲಿಸಬೇಕಾದ್ದರಿಂದ ಇದನ್ನು ಸ್ವಂತವಾಗಿ ಆರಂಭಿಸಬೇಡಿ. ಮುಲಾಮಿನಿಂದ ಹೇಳಿಕೊಳ್ಳುವಂಥ ಲಾಭವಿಲ್ಲ. ಗುಳ್ಳೆ ಇರುವಾಗ ಮತ್ತು ಅದರ ಮುನ್ಸೂಚನೆ ಕಂಡಾಗ ಸಂಪರ್ಕ ಬೇಡ. ಉಳಿದ ದಿನಗಳಲ್ಲಿ ನಿಮ್ಮ ದಾಂಪತ್ಯ ಜೀವನಕ್ಕೆ ಈ ರೋಗ ಅಡ್ಡಿಯಲ್ಲ.

ನಿಮ್ಮ ಅಣ್ಣನ ಸಲಹೆಯ ಬಗ್ಗೆ ನಾನು ವಕೀಲನಾಗಿ ಮಾತನಾಡಲಾರೆ. 1955ರ ಹಿಂದೂ ವಿವಾಹ ಕಾಯ್ದೆಯ 13ನೇ ಸೆಕ್ಷನ್‌ನಲ್ಲಿ ಹರಡುವ ಸ್ಥಿತಿಯಲ್ಲಿರುವ ಲೈಂಗಿಕ ರೋಗವನ್ನು ವಿಚ್ಛೇದನದ ಕಾರಣಗಳಲ್ಲಿ ಒಂದಾಗಿ ಹೇಳಿರುವುದು ಅವರ ಮನಸ್ಸಿನಲ್ಲಿರಬಹುದು. ಸದ್ಯಕ್ಕೆ ರೋಗದ ವರದಿ ಇರುವುದು ನಿಮ್ಮ ಹೆಸರಿನಲ್ಲಿ ಎಂಬುದನ್ನು ಅವರಿಗೆ ನೆನಪಿಸಿ. 12 ವಾರದ ಪರೀಕ್ಷೆ ಬರುವವರೆಗೆ ಈ ವಿಷಯ ನಿಮ್ಮಿಬ್ಬರನ್ನು ಮತ್ತು ನಿಮ್ಮ ವೈದ್ಯರನ್ನು ಬಿಟ್ಟು ಹೊರಗೆ ಹೋಗದಿರುವುದು ಒಳ್ಳೆಯದು.

ಕೊನೆಯದಾಗಿ ಮಗಳ ಬಾಣಂತನ. ಅವಳು ನಿಮ್ಮ ಮನೆಗೆ ಬರಲಿ, ನೀವೇ ಎರೆದು, ಮಗುವನ್ನು ಎತ್ತಿ ಆಡಿಸಿ. ಜನನಾಂಗದ ಹರ್ಪಿಸ್ ತಟ್ಟೆ ಲೋಟದಿಂದಾಗಲಿ, ಶೌಚಾಲಯದಿಂದಾಗಲಿ, ಒಗೆದ ಬಟ್ಟೆಯಿಂದಾಗಲಿ ಹರಡುವುದಿಲ್ಲ. ಗುಳ್ಳೆ ಇರುವ ದಿನಗಳಲ್ಲಿ ಅದನ್ನು ಮುಟ್ಟಿದ ಕೈಯನ್ನು ಸೋಪು ಹಾಕಿ ತೊಳೆದುಕೊಂಡರೆ ಸಾಕು. ಹುಟ್ಟಿದ ಮೇಲೆ ಮನೆಯವರಿಂದ ಎಳೆಗೂಸಿಗೆ ನಿಜವಾದ ಅಪಾಯ ಇರುವುದು ತುಟಿಯ ಗುಳ್ಳೆಯಿಂದ. ಹುಟ್ಟಿದ ಮೊದಲ ವಾರಗಳಲ್ಲಿ ಹರ್ಪಿಸ್ ತಗುಲಿದರೆ ಅದು ಮಗುವಿನ ಮೆದುಳಿಗೂ ಯಕೃತ್ತಿಗೂ ಹರಡಿ ಪ್ರಾಣಕ್ಕೇ ಎರವಾಗಬಲ್ಲದು. ಆದ್ದರಿಂದ ತುಟಿಯಲ್ಲಿ ಗುಳ್ಳೆ ಎದ್ದಿರುವ ಯಾರೇ ಆಗಲಿ, ನೀವಾಗಲಿ, ನಿಮ್ಮ ಪತಿಯಾಗಲಿ, ನಾಮಕರಣಕ್ಕೆ ಬರುವ ಅತ್ತೆ ಚಿಕ್ಕಮ್ಮಂದಿರಾಗಲಿ, ಅದು ಪೂರ್ತಿ ಒಣಗುವವರೆಗೆ ಮಗುವಿಗೆ ಮುತ್ತು ಕೊಡಕೂಡದು, ಬಾಯಿ ಮುಚ್ಚುವ ಮಾಸ್ಕ್ ಇಲ್ಲದೆ ಎತ್ತಿಕೊಳ್ಳಕೂಡದು. ಮೊದಲ ಆರು ವಾರದೊಳಗೆ ಮಗುವಿನ ಮೈಮೇಲೆ ನೀರ್ಗುಳ್ಳೆ ಕಂಡರೆ, ಜ್ವರ ಬಂದರೆ, ಅಥವಾ ಹಾಲು ಕುಡಿಯದೆ ಮಂಕಾದರೆ ಮನೆಮದ್ದು ಮಾಡುತ್ತ ಕೂರದೆ ಅದೇ ದಿನ ಮಕ್ಕಳ ವೈದ್ಯರಿಗೆ ತೋರಿಸಿ.